ಗಿರಣಿಯ ತುಟಿಮಾತು

ಬಟ್ಟೆ ಗಿರಣಿ ಹೋಟೆಲಾದ ಮೇಲೆ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ಸದ್ದು. ಹಿಂದೆ ಆ ಬಾಗಿಲು ದಾಟಿದರೆ ಪಕ್ಕದವರು ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳುತ್ತಿರಲಿಲ್ಲ. ಈಗ ಒಳಗೆ ಕಾಲಿಟ್ಟರೆ ನಮ್ಮ ಚಪ್ಪಲಿಯ ಸದ್ದಿಗೆ ನಾವೇ ನಾಚಬೇಕು, ಅಂಥ ಮೌನ. ಗುಬ್ಬಿ ಹೊಸ್ತಿಲಲ್ಲಿ ನಿಂತು ಮುಂದೆ ಹೋಗಲೋ ಬೇಡವೋ ಎಂದು ಯೋಚಿಸಿದಳು.

"ಬನ್ನಿ ಅಜ್ಜಿ, ನಿಮ್ಮದೇ ಜಾಗ ಅಲ್ವಾ," ಎಂದಳು ಹೋಟೆಲು ನೋಡಿಕೊಳ್ಳುವ ಹುಡುಗಿ, ಅವಳ ಕೈಚೀಲಕ್ಕೆ ಕೈ ಚಾಚುತ್ತ.

"ನಮ್ಮ ಜಾಗ ಆಗಿದ್ದಾಗ ಯಾರೂ ಬನ್ನಿ ಅಂದಿರಲಿಲ್ಲ ಕಣಮ್ಮ. ತಡವಾದ್ರೆ ಹೋಗು ಅಂತಿದ್ರು."

ಗುಬ್ಬಿ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮಗ್ಗದಿಂದ ಮಗ್ಗಕ್ಕೆ ಕುಪ್ಪಳಿಸುತ್ತಿದ್ದ ಗಿಡ್ಡ ಹುಡುಗಿಗೆ ಗಿರಣಿಯವರು ಕೊಟ್ಟದ್ದು. ಗಿರಣಿ ಮುಚ್ಚಿತು, ಕೂದಲು ನರೆಯಿತು, ಮೊಮ್ಮಕ್ಕಳು ಹುಟ್ಟಿದರು. ಹೆಸರು ಮಾತ್ರ ಹಾರಿಹೋಗಲಿಲ್ಲ.

ಹೋಟೆಲು ತೆರೆದು ಒಂದು ವರ್ಷ ತುಂಬಿದ ಸಂತೋಷಕ್ಕೆ ಮಾಲೀಕರಿಗೆ ಹಳಬರ ನೆನಪಾಗಿತ್ತು. ಇಲ್ಲಿ ಮಗ್ಗ ನಡೆಸಿದ ಹೆಂಗಸರು ಯಾರಾದರೂ ಉಳಿದಿದ್ದರೆ ಒಂದು ದಿನ ಬಂದು ತಂಗಲಿ, ಸಂಜೆ ಅತಿಥಿಗಳ ಮುಂದೆ ನಾಲ್ಕು ಮಾತಾಡಲಿ ಎಂದು ಹುಡುಕಿಸಿದರು. ಸಿಕ್ಕವರು ಇಬ್ಬರೇ. ಒಬ್ಬಳು ಗುಬ್ಬಿ. ಇನ್ನೊಬ್ಬಳು ಗುಬ್ಬಿಯ ಓರಗಿತ್ತಿ, ಅವಳ ಗಂಡನ ಅಣ್ಣನ ಹೆಂಡತಿ. ಗುಬ್ಬಿ ಅವಳನ್ನು ಕರೆಯುತ್ತಿದ್ದದ್ದು ಅಕ್ಕ ಎಂದು. ಆ ಅಕ್ಕನಿಗೆ ಈಗ ಧ್ವನಿ ಇಲ್ಲ. ಗಂಟಲಿನ ಗಡ್ಡೆಯ ಜೊತೆಗೆ ಡಾಕ್ಟರು ಧ್ವನಿಪೆಟ್ಟಿಗೆಯನ್ನೂ ತೆಗೆದುಹಾಕಿ ವರ್ಷಗಳಾಗಿದ್ದವು.

ಗುಬ್ಬಿ ಬರಲು ಒಪ್ಪಿದ್ದು ಮೆತ್ತನೆಯ ಹಾಸಿಗೆಯ ಆಸೆಗಲ್ಲ. ಅಕ್ಕ ತನ್ನ ಜೊತೆ ಮತ್ತೆ ಮಾತಾಡಬೇಕು. ಅದೊಂದೇ ಆಸೆಯನ್ನು ಹೊತ್ತುಕೊಂಡು ಬಂದಿದ್ದಳು.

ಅಕ್ಕ ಆಗಲೇ ಬಂದು ಮೊಗಸಾಲೆಯ ಸೋಫಾದಲ್ಲಿ ನೆಟ್ಟಗೆ ಕೂತಿದ್ದಳು. ಕತ್ತಿಗೆ ಬೂದು ಬಣ್ಣದ ಬಟ್ಟೆ ಸುತ್ತಿಕೊಂಡಿದ್ದಳು. ಪಕ್ಕದಲ್ಲಿದ್ದ ಮಗ ಎದ್ದು ನಿಂತ.

"ಬಂದ್ರಾ ಚಿಕ್ಕಮ್ಮ? ನೀವು ಬರ್ತೀರಿ ಅಂತ ಅಮ್ಮನಿಗೆ ತುಂಬಾ ಖುಷಿ. ದಾರಿಯುದ್ದಕ್ಕೂ ಖುಷಿ. ಅಲ್ವಾಮ್ಮ?" ಎಂದ, ಅಮ್ಮನ ಮುಖ ನೋಡದೆಯೇ.

ಅಕ್ಕ ಮಗನ ಕಡೆ ತಿರುಗಲಿಲ್ಲ. ಗುಬ್ಬಿಯನ್ನೇ ನೋಡಿ ತುಟಿ ಅಲುಗಿಸಿದಳು. ಗುಬ್ಬಿ ಕೂಡಲೇ ಕಣ್ಣನ್ನು ಅಕ್ಕನ ಮುಖದಿಂದ ಸರಿಸಿ ಪಕ್ಕದ ಕಂಬದ ಮೇಲಿಟ್ಟಳು. ಬೇಕೆಂದೇ ಹಾಗೆ ಮಾಡಿದಳು. ಏಕೆಂದರೆ ಈಚೆಗೆ ಅವಳ ಎರಡೂ ಕಣ್ಣಿನ ನಡುಭಾಗಕ್ಕೆ ಮಬ್ಬು ಕವಿದಿತ್ತು. ಇದು ಪೊರೆಯಲ್ಲ, ತೆಗೆದರೆ ಹೋಗುವಂಥದ್ದಲ್ಲ ಎಂದಿದ್ದರು ಡಾಕ್ಟರು. ಯಾವುದನ್ನು ನೇರ ನೋಡುತ್ತಾಳೋ ಅದೇ ಅಳಿಸಿಹೋಗುತ್ತಿತ್ತು, ಸುತ್ತಲಿನದು ಉಳಿಯುತ್ತಿತ್ತು. ಮುಖ ಕಾಣಬೇಕಾದರೆ ಮುಖದ ಪಕ್ಕದ ಗೋಡೆಯನ್ನು ನೋಡಬೇಕಿತ್ತು.

ಆದರೆ ಇದು ಅಕ್ಕನಿಗೆ ಗೊತ್ತಿರಲಿಲ್ಲ. ಅಕ್ಕನ ತುಟಿ ಅರ್ಧ ಮಾತಿನಲ್ಲಿ ನಿಂತಿತು. ಆಮೇಲೆ ಮುಚ್ಚಿತು.

ಹಳೆಯ ಜಗಳದ ಕೋಪ ಇನ್ನೂ ಆರಿಲ್ಲ ಎಂದುಕೊಂಡಳು ಗುಬ್ಬಿ.

ಮಗ ಒಳ್ಳೆಯವನೇ. ಅಮ್ಮನ ಮಾತ್ರೆ, ಶಾಲು, ಬಿಸಿನೀರಿನ ಬಾಟಲಿ ಎಲ್ಲವನ್ನೂ ಹುಡುಗಿಗೆ ಒಪ್ಪಿಸಿದ. "ಮಲಗುವಾಗ ಒಂದು ಲೋಟ ಹಾಲು, ಸಕ್ಕರೆ ಜಾಸ್ತಿ. ಅಮ್ಮನಿಗೆ ಅದೇ ಇಷ್ಟ," ಎಂದು ಹೇಳಿ, ಬೆಳಿಗ್ಗೆ ಬರುತ್ತೇನೆಂದು ಹೊರಟುಹೋದ.

*

ಗಿರಣಿಯ ಹೆಂಗಸರಿಗೆ ಅವರದೇ ಒಂದು ಮಾತಿತ್ತು. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವಾಗ ಗಂಟಲು ಹರಿದುಕೊಂಡು ಪ್ರಯೋಜನವೇನು? ಅದಕ್ಕೆ ಅವರು ಗಂಟಲನ್ನು ಬಿಟ್ಟು ತುಟಿಯಲ್ಲಿ ಮಾತಾಡುವುದನ್ನು ಕಲಿತಿದ್ದರು. ಒಂದೊಂದು ಪದವನ್ನೂ ಬಾಯಿತುಂಬ ಅಗಲಿಸಿ, ಹುಬ್ಬು ಕುಣಿಸಿ, ಬೇಕಾದರೆ ಒಂದು ಬೆರಳು ಸೇರಿಸಿ ಹೇಳುವರು. ಎದುರು ಸಾಲಿನವಳು ಲಾಳಿಯ ಮೇಲೆ ಒಂದು ಕಣ್ಣಿಟ್ಟು ಇನ್ನೊಂದರಲ್ಲಿ ಓದಿಕೊಳ್ಳುವಳು. ಮೇಸ್ತ್ರಿಯ ಮೀಸೆಯಿಂದ ಹಿಡಿದು ಮಗುವಿನ ಜ್ವರದವರೆಗೆ ಎಲ್ಲವೂ ಹಾಗೆಯೇ ಸಾಗುತ್ತಿತ್ತು. ಅಕ್ಕನದೂ ಗುಬ್ಬಿಯದೂ ಎದುರುಬದುರಿನ ಮಗ್ಗ. ಅವರ ಮಾತು ಹಾಸುಹೊಕ್ಕಿನ ಹಾಗೆ, ಎಲ್ಲಿ ಒಬ್ಬಳದು ಮುಗಿದು ಇನ್ನೊಬ್ಬಳದು ಶುರುವಾಯಿತೆಂದು ಹೇಳಲಾಗುತ್ತಿರಲಿಲ್ಲ.

ಮನೆಗೆ ಬಂದರೆ ಅಲ್ಲಿ ಅತ್ತೆ. ಸೊಸೆಯರು ಕೂಡಿ ಮಾತಾಡಿದರೆ ಮನೆ ಒಡೆಯುತ್ತದೆಂದು ನಂಬಿದ್ದವಳು. "ನನ್ನ ಸೊಸೆಯರಿಬ್ಬರೂ ಬಾಯಿಲ್ಲದವರು, ದನಿ ಎತ್ತೋದೇ ಇಲ್ಲ," ಎಂದು ಬೀದಿಯವರ ಹತ್ತಿರ ಹೇಳಿಕೊಂಡು ಬೀಗುತ್ತಿದ್ದಳು. ಆ ಹೊತ್ತಿಗೆ ಸೊಸೆಯರು ಒಲೆಯ ಆಚೆ ಒಬ್ಬಳು, ಈಚೆ ಒಬ್ಬಳು ನಿಂತು, ಅವಳ ಬೆನ್ನ ಹಿಂದೆಯೇ ಅವಳ ನಡಿಗೆಯನ್ನೂ ಗೊರಕೆಯನ್ನೂ ಹರಾಜಿಗೆ ಹಾಕುತ್ತಿದ್ದರು. ಅತ್ತೆ ಹಠಾತ್ತನೆ ತಿರುಗಿದರೆ ಗುಬ್ಬಿ ಬಾಯಿ ತೆರೆದವಳು ಹಾಗೆಯೇ ಆಕಳಿಸುವಳು. ಆ ಅತ್ತೆ ಸಾಯುವವರೆಗೂ ಕಿರಿಸೊಸೆಗೆ ರಕ್ತ ಕಡಿಮೆ, ಯಾವಾಗಲೂ ನಿದ್ದೆ ಎಂದೇ ತಿಳಿದಿದ್ದಳು.

ಗಿರಣಿ ಮುಚ್ಚುವ ಕಾಲಕ್ಕೆ ಅಲ್ಲೇ ಕೆಲಸಕ್ಕಿದ್ದ ಅಕ್ಕನ ಗಂಡ ಗೇಟಿನ ಹೊರಗೆ ಮುಷ್ಕರಕ್ಕೆ ಕೂತ, ಅವನ ತಮ್ಮ, ಗುಬ್ಬಿಯ ಗಂಡ, ತಲೆತಗ್ಗಿಸಿ ಒಳಗೆ ಕೆಲಸಕ್ಕೆ ಹೋದ. ಗಂಡಂದಿರು ಮುಖ ತಿರುಗಿಸಿದರು, ಹೆಂಡಿರು ಅವರ ಹಿಂದೆ ತಿರುಗಿದರು. ಎರಡು ಒಲೆಯಾಯಿತು, ಎರಡು ಬೀದಿಯಾಯಿತು. ಕಡೆಗೆ ಜಗಳವಾಡಿದವರಿಬ್ಬರೂ ಸತ್ತರು. ಜಗಳ ಮಾತ್ರ ಬಾಗಿಲ ಹಿಂದಿನ ಹಳೆಯ ಕೊಡೆಯಂತೆ ನೇತಾಡಿಕೊಂಡೇ ಇತ್ತು.

ಅಕ್ಕನ ಆಪರೇಷನ್ನಿನ ಸುದ್ದಿ ಬಂದಾಗ ಗುಬ್ಬಿ ಹೋಗಲು ಹೊರಟಿದ್ದಳು. "ಇನ್ನು ಮೇಲೆ ಅವರಿಗೆ ಮಾತೇ ಇಲ್ಲವಂತೆ," ಎಂದು ಯಾರೋ ಹೇಳಿದರು. ಗುಬ್ಬಿ ಕೂತುಬಿಟ್ಟಳು. ಹೋಗಿ ಮಾಡುವುದೇನು? ನಾನು ಒಬ್ಬಳೇ ಒದರುವುದು, ಅವಳು ಅಳುವುದು. ಮಗಳ ಕೈಯಲ್ಲಿ ಹಣ್ಣು ಕಳಿಸಿದಳು. ಇವತ್ತು ಹೋದರಾಯಿತು, ಮುಂದಿನ ವಾರ ಹೋದರಾಯಿತು ಎಂದು ಕಾಲ ಹೋಯಿತು. ನಡುವೆ ಒಮ್ಮೆ ನೆಂಟರ ಮದುವೆಯಲ್ಲಿ ಹಜಾರದ ಆಚೆ ತುದಿಯಲ್ಲಿ ಅಕ್ಕ ಕಂಡಿದ್ದಳು. ಕತ್ತಿಗೆ ಸುತ್ತಿದ ಆ ಬಟ್ಟೆ ಕಂಡದ್ದೇ ನೋಡಲಾಗದೆ, ಗುಬ್ಬಿ ಬೇರೆ ಕಡೆ ತಿರುಗಿ ಯಾರದೋ ಮಗುವನ್ನು ಮಾತಾಡಿಸತೊಡಗಿದ್ದಳು.

ಊರವರು ಅಕ್ಕನಿಗೆ ಮಾತಿಲ್ಲವೆಂದರೆ ಅದು ಅವರ ತಿಳಿವಳಿಕೆ. ಗುಬ್ಬಿಗೆ ಏನಾಗಿತ್ತು? ಅವಳಿಗೆ ಅಕ್ಕನ ಧ್ವನಿ ಯಾವತ್ತು ಬೇಕಾಗಿತ್ತು? ಈ ಹೋಟೆಲಿನ ಹುಡುಗಿ ಫೋನಿನಲ್ಲಿ, "ಇನ್ನೊಬ್ಬ ಅಜ್ಜಿಗೆ ಮಾತು ಬರಲ್ಲವಂತೆ, ಪರವಾಗಿಲ್ವಾ?" ಎಂದು ಕೇಳಿದಾಗ ಗುಬ್ಬಿಯ ಬಾಯಿಂದ ತಾನಾಗಿಯೇ ಬಂದಿತ್ತು: "ನಮಗೆ ಗಂಟಲು ಯಾಕಮ್ಮ ಬೇಕು, ನಾವು ಗಿರಣಿಯವರು." ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಫೋನು ಕೈಯಲ್ಲೇ ಉಳಿಯಿತು. ಆ ಕಡೆ ಹುಡುಗಿ ಹಲೋ ಹಲೋ ಎನ್ನುತ್ತಿದ್ದಳು.

*

ಅವರಿಗೆ ಕೊಟ್ಟ ಕೋಣೆ ಇದ್ದದ್ದು ಹಿಂದೆ ಅವರ ಮಗ್ಗಗಳಿದ್ದ ಮೂಲೆಯಲ್ಲಿಯೇ. ಹುಡುಗಿ ಹಳೆಯ ಜನರನ್ನು ಕೇಳಿ ತಿಳಿದುಕೊಂಡು, ಬೇಕೆಂದೇ ಅದನ್ನು ಆರಿಸಿದ್ದಳು. ಹಾಸಿಗೆ ಎಷ್ಟು ಅಗಲವೆಂದರೆ ಗುಬ್ಬಿ ಅಡ್ಡ ಮಲಗಿದರೂ ಕಾಲು ಹೊರಗೆ ಬರುತ್ತಿರಲಿಲ್ಲ. ಇಟ್ಟಿಗೆಯ ಗೋಡೆಯನ್ನು ಸುಣ್ಣ ಬಳಿಯದೆ ಹಾಗೆಯೇ ಬಿಟ್ಟಿದ್ದರು. ಮಗ್ಗ ಓಡಿಸುತ್ತಿದ್ದ ಪಟ್ಟೆಯ ಕಬ್ಬಿಣದ ಚಕ್ರವೊಂದು ತಲೆಯ ಮೇಲೆ ಕಪ್ಪಗೆ ಹೊಳೆಯುತ್ತಿತ್ತು. ಈ ನಾಜೂಕು ಅದಕ್ಕೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ನೂಲಿನ ಎಳೆ ಕಡಿದರೆ ಕಾಣಲಿ ಎಂದು ಆಳೆತ್ತರ ಇಟ್ಟಿದ್ದ ಕಿಟಕಿಗೆ ದಪ್ಪ ಪರದೆ ಇಳಿಬಿಟ್ಟಿದ್ದರು. ದೀಪಗಳು ಎಲ್ಲೆಲ್ಲೂ ಇದ್ದವು, ಬೆಳಕು ಎಲ್ಲೂ ಇರಲಿಲ್ಲ. ಹಾಸಿಗೆಯ ಅಡಿಗೊಂದು, ಚಿತ್ರದ ಹಿಂದೊಂದು, ಎಲ್ಲವೂ ನಾಚಿಕೊಂಡ ದೀಪಗಳು.

ಗುಬ್ಬಿ ಪರದೆಯನ್ನು ಹಿಡಿದು ಎಳೆದಳು. ಅದು ಬರಲಿಲ್ಲ. ಇನ್ನೂ ಎಳೆದರೆ ಹರಿದೀತು, ಯಾರ ಮನೆಯ ಸೊತ್ತೋ ಎಂದು ಬಿಟ್ಟಳು.

ಅಕ್ಕ ಹಾಸಿಗೆಯ ತುದಿಯಲ್ಲಿ ಗೋಡೆಯತ್ತ ಮುಖ ಮಾಡಿ ಕೂತಿದ್ದಳು.

"ಅಕ್ಕ, ನೋಡು, ಇಲ್ಲೇ ಅಲ್ವಾ ನನ್ನ ಬೆರಳು ಸಿಕ್ಕಿಹಾಕಿಕೊಂಡದ್ದು? ನೀನು ಬಂದು ಪಟ್ಟೆ ಜಾರಿಸಿದೆ." ಗುಬ್ಬಿ ಗೋಡೆಯ ಇಟ್ಟಿಗೆ ಸವರಿದಳು. "ನಿನ್ನ ಮಗ ಚೆನ್ನಾಗಿ ನೋಡಿಕೊಳ್ತಾನೆ ಅನ್ಸುತ್ತೆ." ಅಕ್ಕನ ಭುಜ ಒಮ್ಮೆ ಏರಿ ಇಳಿಯಿತು. ಗುಬ್ಬಿ ಹವೆಯ ಬಗ್ಗೆ ಮಾತಾಡಿದಳು, ಮೊಮ್ಮಕ್ಕಳ ಬಗ್ಗೆ ಮಾತಾಡಿದಳು, ಮಂಡಿನೋವಿನ ಬಗ್ಗೆ ಮಾತಾಡಿದಳು. ಕಣ್ಣಿನ ಬಗ್ಗೆ ಮಾತ್ರ ಆಡಲಿಲ್ಲ. ಅವಳ ಗಂಟಲು ಹೋಗಿದ್ದಾಗ ಹೋಗಿ ನೋಡದವಳು, ಈಗ ನನ್ನ ಕಣ್ಣು ಹೋಯಿತೆಂದು ಯಾವ ಮುಖದಲ್ಲಿ ಅಳುವುದು?

ಹೊತ್ತು ಇಳಿಯುವಾಗ ಹುಡುಗಿ ಬಂದು ಕೆಳಗೆ ಕರೆದೊಯ್ದಳು. ಮೊಗಸಾಲೆಯ ನಡುವೆ ಒಂದು ಮಗ್ಗ ನಿಲ್ಲಿಸಿ ಹೂವಿನ ಕುಂಡಗಳನ್ನು ಜೋಡಿಸಿದ್ದರು. ಕೈಯಲ್ಲಿ ಗಾಜಿನ ಲೋಟ ಹಿಡಿದ ಅತಿಥಿಗಳು ಅದರ ಸುತ್ತ ಮೆಲ್ಲಗೆ ಮಾತಾಡುತ್ತ ನಿಂತಿದ್ದರು. ಅಲ್ಲೂ ಅದೇ ಅರಿಶಿನ ಕಲಸಿದಂಥ ಮಬ್ಬು ಬೆಳಕು.

"ದೊಡ್ಡ ಅಜ್ಜಿಗೆ ಮಾತು ಬರಲ್ಲ," ಎಂದಳು ಹುಡುಗಿ ನಯವಾಗಿ. "ಅವರು ನಮ್ಮ ಜೊತೆ ಕೂತಿರ್ತಾರೆ, ಅದೇ ಸಂತೋಷ. ಚಿಕ್ಕ ಅಜ್ಜಿ ಎರಡು ಮಾತು ಹೇಳ್ತಾರೆ."

ಗುಬ್ಬಿಗೆ ಎಲ್ಲಿತ್ತೋ ಆವೇಶ. "ಮಾತು ಬರಲ್ಲ ಅಂತ ಯಾರು ಹೇಳಿದ್ದು? ನಾವು ಇಲ್ಲಿ ಮಾತಾಡ್ತಿದ್ದದ್ದೇ ತುಟಿಯಲ್ಲಿ. ಅವಳು ತುಟಿಯಲ್ಲಿ ಹೇಳ್ತಾಳೆ, ನಾನು ಬಾಯಲ್ಲಿ ಹೇಳ್ತೀನಿ. ಕೇಳ್ಕೊಳ್ಳಿ."

ಜನ ಹತ್ತಿರ ಸರಿದರು. ಅಕ್ಕ ತಲೆಯೆತ್ತಿ ಗುಬ್ಬಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಬಟ್ಟೆಯನ್ನು ಕತ್ತಿನ ಮೇಲೆ ಸರಿಪಡಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ತುಟಿ ತೆರೆದಳು.

ಗುಬ್ಬಿ ಹೂವಿನ ಕುಂಡವನ್ನು ನೋಡಿದಳು. ಅಕ್ಕನ ಮುಖ ಕಾಣಲಿಲ್ಲ. ಮಗ್ಗವನ್ನು ನೋಡಿದಳು, ಹಣೆ ಕಂಡಿತು, ಕೆಳಗೆಲ್ಲ ನೆರಳು. ಆ ನೆರಳಿನಲ್ಲಿ ಏನೋ ಅಲುಗುತ್ತಿತ್ತು, ನಿಂತಿತು, ಮತ್ತೆ ಅಲುಗಿತು. ಅಷ್ಟೇ. ಎಲ್ಲರೂ ಗುಬ್ಬಿಯ ಬಾಯಿಗಾಗಿ ಕಾದರು. ಕಾಣಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಜಂಬ ಕೊಚ್ಚಿಕೊಂಡ ಬಾಯಿಗೆ ಅದು ಬರಲಿಲ್ಲ.

"ಏನಂತಾಳೆ ಗೊತ್ತಾ?" ಎಂದಳು ಗುಬ್ಬಿ. "ಆಗ ಇಲ್ಲಿ ಒಂದು ಸಲ ತೂಕಡಿಸಿದ್ರೆ ಕೂಲಿ ಹಿಡೀತಿದ್ರು. ಈಗ ಇದೇ ಜಾಗದಲ್ಲಿ ನಿದ್ದೆ ಮಾಡೋಕೆ ನೀವು ದುಡ್ಡು ಕೊಟ್ಟು ಬರ್ತೀರಿ. ಬುದ್ಧಿ ಯಾರಿಗೆ ಜಾಸ್ತಿ ಅಂತ ಕೇಳ್ತಿದ್ದಾಳೆ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಪ್ಪಾಳೆ ಬಿತ್ತು. ಯಾರೋ ಅಕ್ಕನ ಕೈ ಕುಲುಕಿದರು. ಅಕ್ಕನ ಕಿವಿಗೆ ಯಾವ ಊನವೂ ಇರಲಿಲ್ಲ. ಅವಳು ತುಟಿಯನ್ನು ಒಂದರ ಮೇಲೊಂದು ಬಿಗಿದುಕೊಂಡು, ಕೈ ಕುಲುಕಿದವರಿಗೆಲ್ಲ ತಲೆಯಾಡಿಸಿದಳು.

*

ಕೋಣೆಗೆ ಮರಳಿ ಗುಬ್ಬಿ ಮುಖ ತೊಳೆಯಲು ಬಚ್ಚಲಿಗೆ ಹೋದಳು. ಬಾಗಿಲು ತೆಗೆದೊಡನೆ ಬೆಳಕು ಹಾಲಿನಂತೆ ಸುರಿಯಿತು. ಇಡೀ ಹೋಟೆಲಿನಲ್ಲಿ ನಿಜವಾದ ಬೆಳಕು ಅಲ್ಲೊಂದೇ ಕಡೆ ಇತ್ತು, ಕನ್ನಡಿಯ ಸುತ್ತ. ಅವಳು ನಲ್ಲಿ ತಿರುಗಿಸದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೊರಗೆ ಬಂದು ಅಕ್ಕನ ಮೊಣಕೈ ಹಿಡಿದಳು.

"ಬಾ ಇಲ್ಲಿ. ಬೈಯೋದಾದ್ರೂ ಬೆಳಕಲ್ಲಿ ಬೈ."

ಅಕ್ಕ ಕೈ ಕೊಸರಿಕೊಂಡಳು. ಆದರೂ ಬಂದಳು. ಗುಬ್ಬಿ ಅವಳನ್ನು ಕನ್ನಡಿಯ ಮುಂದಿನ ಸ್ಟೂಲಿನ ಮೇಲೆ ಕೂರಿಸಿ, ತಾನು ಸ್ನಾನದ ತೊಟ್ಟಿಯ ಅಂಚಿನಲ್ಲಿ ಕೂತಳು.

"ಅಲ್ಲಿ ನೀನು ಹೇಳಿದ್ದು ನನಗೆ ಕಾಣಲಿಲ್ಲ ಅಕ್ಕ. ನಾನೇ ಕಟ್ಟಿ ಹೇಳಿದೆ."

ಗುಬ್ಬಿ ಸ್ಟೂಲಿನ ಹತ್ತಿರಕ್ಕೆ ಸರಿದಳು.

"ನನ್ನ ಕಣ್ಣು ಹೋಗ್ತಾ ಇದೆ. ನಡುವೆ ಏನೂ ಕಾಣಲ್ಲ, ಅಂಚು ಕಾಣುತ್ತೆ. ನಿನ್ನ ಮುಖ ನೋಡೋಕೆ ಗೋಡೆ ನೋಡಬೇಕು."

ಅಕ್ಕ ಕೈ ಎತ್ತಿ ಅವಳ ಮುಖದ ಮುಂದೆ ಬೆರಳು ಹಿಡಿದಳು. ಎಷ್ಟು ಎಂದು ಹುಬ್ಬು ಹಾರಿಸಿರಬೇಕು.

"ಬೆರಳು ಗೊತ್ತಿಲ್ಲ. ನಿನ್ನ ಮೊಣಕೈ ಚೆನ್ನಾಗಿ ಕಾಣುತ್ತೆ. ಉಜ್ಜಿಕೋಬೇಕು, ಕಪ್ಪಾಗಿದೆ."

ಅಕ್ಕನ ಎದೆ ಕುಲುಕಿತು. ಅದು ನಗುವೋ ಅಳುವೋ, ಸದ್ದಿಲ್ಲದ್ದರಿಂದ ಹೇಳಲಾಗಲಿಲ್ಲ. ಅವಳು ಮುಂದೆ ಬಾಗಿ ಗುಬ್ಬಿಯ ಗದ್ದ ಹಿಡಿದು, ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿದಳು; ಎಳೆ ಕೂಡಿಸುವಾಗ ಬಟ್ಟೆಯನ್ನು ಬೆಳಕಿಗೆ ತಿರುಗಿಸುತ್ತಿದ್ದ ಹಾಗೆ. ಒಂದು ಕೋನದಲ್ಲಿ ಗುಬ್ಬಿ, "ಹಾಂ, ಇಲ್ಲಿ," ಎಂದಳು. ಗುಬ್ಬಿಯ ಕಣ್ಣು ಮೂಲೆಯಲ್ಲಿದ್ದ ಟವೆಲುಗಳ ಮೇಲಿತ್ತು. ಆ ಟವೆಲುಗಳ ಪಕ್ಕದಲ್ಲಿ, ಎಷ್ಟೋ ವರ್ಷಗಳ ಮೇಲೆ, ಅಕ್ಕನ ತುಟಿ ಕಾಣಿಸಿತು. ಸುಕ್ಕುಗಟ್ಟಿತ್ತು. ಮಾತು ಮಾತ್ರ ಮೊದಲಿನ ಹಾಗೆಯೇ ಬಾಯಿತುಂಬ ಇತ್ತು.

"ಕೆಳಗೆ ನಾನು ಏನು ಹೇಳಿದೆ, ಗೊತ್ತಾ?"

"ಇಲ್ಲ."

"ಇವಳು ನನ್ನ ಓರಗಿತ್ತಿ. ನನ್ನ ಮಾತು ತಿಳಿಯೋದು ಇವಳೊಬ್ಬಳಿಗೇ. ಇವಳು ಏನು ಹೇಳ್ತಾಳೋ ಅದೇ ನನ್ನ ಮಾತು. ಅಷ್ಟು ಹೇಳಿದೆ."

ಗುಬ್ಬಿ ತೊಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅಕ್ಕ ನಿಲ್ಲಿಸಲಿಲ್ಲ. ಗುಬ್ಬಿಗೆ ಮೂರು ಮಾತಿನಲ್ಲಿ ಒಂದು ತಪ್ಪುತ್ತಿತ್ತು. "ಇನ್ನೊಂದು ಸಲ," ಎನ್ನುವಳು, ಅಕ್ಕ ಇನ್ನೊಂದು ಸಲ ಹೇಳುವಳು. ಹಾಲು ಕಂಡರೆ ಹೇಸಿಗೆ. ಚಹಾ ಬೇಕು, ಸಕ್ಕರೆಯಿಲ್ಲದ್ದು. ಆಸ್ಪತ್ರೆಯಿಂದ ಬಂದ ದಿನದಿಂದ ಹೇಳುತ್ತಿದ್ದೇನೆ. ಎಲ್ಲರೂ ತಲೆಯಾಡಿಸುತ್ತಾರೆ, ಹಾಲು ತರುತ್ತಾರೆ. ಬರೆದು ತೋರಿಸು ಎನ್ನುತ್ತಾರೆ. ಅಕ್ಷರ ಯಾವಾಗ ಕಲಿತೆ ನಾನು? ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ತಂದುಕೊಟ್ಟರು, ಕಪ್ಪೆ ವಟಗುಟ್ಟಿದ ಹಾಗಿತ್ತು, ಕಪಾಟಿಗೆ ಎಸೆದೆ.

"ಎಲ್ಲರಿಗೂ ಖುಷಿ," ಎಂದಿತು ತುಟಿ. "ಅಮ್ಮನಿಗೆ ಖುಷಿ, ಅಮ್ಮನಿಗೆ ಖುಷಿ. ನನಗೊಬ್ಬಳಿಗೆ ಗೊತ್ತಿಲ್ಲ."

ಆಮೇಲೆ ಅವಳು ಗುಬ್ಬಿಯ ಗದ್ದವನ್ನು ಮತ್ತೆ ಬೆಳಕಿಗೆ ಸರಿಪಡಿಸಿದಳು. ಇದು ತಪ್ಪಿಹೋಗಬಾರದೆಂದು ನಿಧಾನವಾಗಿ ಹೇಳಿದಳು.

"ಆ ಮದುವೆಯಲ್ಲಿ ನಿನ್ನನ್ನ ಕರೆದೆ. ಹಜಾರದ ಆ ತುದಿಯಿಂದ. ಮೂರು ಸಲ ಕರೆದೆ. ಅವಳಿಗಾದರೂ ತಿಳಿಯುತ್ತೆ ಅಂತ. ನೀನು ನನ್ನ ಕತ್ತು ನೋಡಿದೆ. ತುಟಿ ನೋಡಲಿಲ್ಲ."

ಗುಬ್ಬಿ ಅಳಲಿಲ್ಲ. ಅಳು ಬಂದರೆ ಇರುವ ಅಂಚೂ ಮಬ್ಬಾದೀತು, ಅಕ್ಕನ ಮಾತು ತಪ್ಪಿಹೋದೀತು ಎಂದು ಕಣ್ಣನ್ನು ಒಣಗಿಸಿಕೊಂಡೇ ಕೂತಳು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಅವಳಿಗೆ ಹಲ್ಲೂ ಇತ್ತು, ಕಡಲೆಯೂ ಇತ್ತು. ಬಾಯಿ ತೆರೆದಿರಲಿಲ್ಲ, ಅಷ್ಟೇ. ಆ ಮದುವೆಯ ದಿನ ಅವಳ ಕಣ್ಣಿಗೆ ಸೂಜಿಯ ಕಣ್ಣು ಕಾಣುತ್ತಿತ್ತು.

"ನನ್ನದು ತಪ್ಪಾಯ್ತು," ಎಂದಳು.

ಅಕ್ಕ ಹೌದೆಂದು ತಲೆಯಾಡಿಸಿದಳು. ಇರಲಿ ಬಿಡು ಎನ್ನಲಿಲ್ಲ. ಆ ಕ್ಷಣ ಗುಬ್ಬಿಗೆ ಅದೇ ದೊಡ್ಡ ಉಪಕಾರವಾಗಿ ಕಂಡಿತು.

ಹುಡುಗಿ ಊಟಕ್ಕೆ ಕರೆಯಲು ಬಂದವಳು ಬಚ್ಚಲಿನ ಬಾಗಿಲಲ್ಲಿ ಗಾಬರಿಯಾಗಿ ನಿಂತಳು. "ಏನಾಯ್ತು ಅಜ್ಜಿ, ಹುಷಾರಿಲ್ವಾ?"

"ಏನಿಲ್ಲಮ್ಮ. ಮಾತಾಡ್ತಾ ಕೂತಿದ್ದೀವಿ."

"ಬಚ್ಚಲಲ್ಲಾ?"

"ನಿಮ್ಮ ಹೋಟೆಲಲ್ಲಿ ಇದೊಂದೇ ಕಣಮ್ಮ ಕೋಣೆ. ಮಿಕ್ಕಿದ್ದೆಲ್ಲ ಗುಹೆ."

*

ಬೆಳಿಗ್ಗೆ ಹುಡುಗಿ ಬಂದು ಹಾಸಿಗೆಯ ಪಕ್ಕದ ಒಂದು ಗುಂಡಿ ಒತ್ತಿದಳು. ಪರದೆ ತಾನಾಗಿಯೇ ಎರಡು ಕಡೆಗೆ ಸರಿಯಿತು. ಹಳೆಯ ಕಿಟಕಿಯಿಂದ ಹಳೆಯ ಬೆಳಕು ಕೋಣೆಯ ತುಂಬ ಬಂದು ಬಿತ್ತು.

"ನಿನ್ನೆನೇ ಕೇಳಬಾರದಿತ್ತಾ ಅಜ್ಜಿ? ಗುಂಡಿ ಇಲ್ಲೇ ಇತ್ತು."

"ಕೇಳಬೇಕಿತ್ತು," ಎಂದಳು ಗುಬ್ಬಿ.

ಮಗ ಬಂದಾಗ ಇಬ್ಬರೂ ಸಿದ್ಧವಾಗಿ ಕೂತಿದ್ದರು. ಅವನು ಕೋಣೆಯನ್ನೆಲ್ಲ ಕಣ್ತುಂಬ ನೋಡಿ, "ಅಮ್ಮನಿಗೆ ತುಂಬಾ ಇಷ್ಟವಾಗಿದೆ ಅನ್ಸುತ್ತೆ, ಅಲ್ವಾಮ್ಮ?" ಎಂದ.

"ಕೇಳಿದೆಯೇನೋ ಅವಳನ್ನ?" ಎಂದಳು ಗುಬ್ಬಿ.

"ಕೇಳೋದೇನು ಚಿಕ್ಕಮ್ಮ, ಮುಖ ನೋಡಿದ್ರೆ ಗೊತ್ತಾಗಲ್ವಾ?"

"ಮುಖ ಅಲ್ಲ, ತುಟಿ ನೋಡು. ಅಲ್ಲಿ ನಿಂತು ನೋಡು, ಬೆಳಕಿಗೆ ಅಡ್ಡ ಬರಬೇಡ."

ಅವನು ನಗುತ್ತ ನಿಂತ. ಅಕ್ಕ ಹೇಳಿದಳು. ಅವನು ತಲೆಯಾಡಿಸಿದ.

"ಏನಂದಳು?" ಎಂದಳು ಗುಬ್ಬಿ.

"ಅದೇ... ಚೆನ್ನಾಗಿತ್ತು ಅಂತ."

"ತಿಳಿಯದಿದ್ರೆ ತಲೆಯಾಡಿಸಬೇಡ ಕಣೋ. ತಿಳೀಲಿಲ್ಲ ಅನ್ನು. ನಿನ್ನೆ ನಾನೂ ಅದನ್ನೇ ಮಾಡಿ ಕೆಟ್ಟೆ. ಅಕ್ಕ, ಇನ್ನೊಂದು ಸಲ."

ಅಕ್ಕ ಇನ್ನೊಂದು ಸಲ ಹೇಳಿದಳು. ಮಗನ ನಗು ಹೋಯಿತು. ಅವನು ಮಂಡಿಯೂರಿ ಅಮ್ಮನ ಮುಂದೆ ಕೂತ. "ಹಾಲು... ಹಾಲು ಬೇಕಾ?" ಅಕ್ಕ ತಲೆ ಅಡ್ಡಡ್ಡ ಆಡಿಸಿ ಮತ್ತೆ ಹೇಳಿದಳು. "ಹಾಲು ಬೇಡ?" ಎಂದ. ಅವನ ದನಿ ಇಳಿಯಿತು. "ಬೇಡವಾ ಅಮ್ಮ? ಯಾವಾಗಿಂದ?"

ಯಾವಾಗಿನಿಂದ ಎಂದು ಗುಬ್ಬಿ ಹೇಳಲಿಲ್ಲ. ಅದನ್ನು ಅವನೇ ಅಮ್ಮನ ಬಾಯಿಂದ ತಿಳಿದುಕೊಳ್ಳಲಿ ಎಂದು ಬಿಟ್ಟಳು. "ದಿನಾ ಹೀಗೇ ಕೂರು," ಎಂದಳು. "ನನ್ನ ಕಣ್ಣನ್ನ ನಂಬಿಕೋಬೇಡ. ಅದು ಎಷ್ಟು ದಿನವೋ."

ಕೆಳಗೆ ಅಂಗಳದಲ್ಲಿ ಅಕ್ಕ ಕಾರು ಹತ್ತಿ ಕೂತಳು. ಮಗ ಬಾಗಿಲು ಹಾಕಿದ. ಗಾಜಿನ ಹಿಂದಿನಿಂದ ಅಕ್ಕ ಏನೋ ಹೇಳಿದಳು. ಗಾಜಿನ ತುಂಬ ಆಕಾಶವಿತ್ತು. ಗುಬ್ಬಿ ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು. ತಲೆ ತಾನಾಗಿಯೇ ಹೂಂ ಎನ್ನಲು ಬಾಗುತ್ತಿತ್ತು. ಅದನ್ನು ತಡೆದು, ಗಾಜನ್ನು ಬೆರಳಗಂಟಿನಿಂದ ಬಡಿದಳು.

ಗಾಜು ಇಳಿಯಿತು.

"ಕಾಣಲಿಲ್ಲ ಅಕ್ಕ."

ಅಕ್ಕ ಮತ್ತೆ ಹೇಳಿದಳು. ಬಾ ಎನ್ನುವುದು ತಿಳಿಯಿತು. ಯಾವತ್ತು ಎನ್ನುವುದು ತಿಳಿಯಲಿಲ್ಲ. ನಾಳೆಯೋ, ನಾಡಿದ್ದೋ? ಇನ್ನೊಂದು ಸಲ ಹೇಳಿಸಿದಳು, ಆಗಲೂ ತಿಳಿಯಲಿಲ್ಲ. ಅಂದು ಹಜಾರದ ಆಚೆ ತುದಿಯಿಂದ ಕಾಣಬಹುದಾಗಿದ್ದ ಮಾತು ಇಂದು ಒಂದು ಮೊಳ ದೂರದಿಂದ ಕಾಣಲಿಲ್ಲ.

"ಎರಡು ದಿನವೂ ಬರ್ತೀನಿ," ಎಂದಳು ಗುಬ್ಬಿ. "ಬೆಳಕಿರುವಾಗ ಬರ್ತೀನಿ. ಚಹಾ ಇಟ್ಟಿರು."

ಅಕ್ಕ ಕೈ ಹೊರಗೆ ಚಾಚಿ ಅವಳ ಗದ್ದವನ್ನು ಒಮ್ಮೆ ಬೆಳಕಿನ ಕಡೆ ತಿರುಗಿಸಿ, ಬಿಟ್ಟಳು. ಕಾರು ಹೊರಟಿತು. ಅದು ಹೋಗುವುದು ಕಾಣಲಿ ಎಂದು ಗುಬ್ಬಿ ಗೇಟಿನ ಕಂಬವನ್ನು ನೋಡುತ್ತ ನಿಂತಳು.